ಎಂಜಲು ಬೆರಳು

ಸರ್ ನಿವೃತ್ತರಾದರು. ಸನ್ಮಾನವೂ ಮುಗಿಯಿತು. ಈಗ ನೆನಪಿನ ಸಂಚಿಕೆಯೊಂದು ಬರಲಿದೆಯಂತೆ. ಅದಕ್ಕೆ ಎರಡು ಪುಟ ಬರೆದುಕೊಡಿ ಎಂದು ಮಂಜುನಾಥ ಬಿಟ್ಟೂಬಿಡದೆ ಫೋನ್ ಮಾಡುತ್ತಿದ್ದಾನೆ. ಅವನು ಸರ್ ಕೈಕೆಳಗೆ ಪಿಎಚ್‌ಡಿ ಮಾಡಿದ ಕೊನೆಯ ವಿದ್ಯಾರ್ಥಿ, ಈಗ ಅದೇ ಭೌತಶಾಸ್ತ್ರ ವಿಭಾಗದಲ್ಲಿ ಮೇಷ್ಟ್ರು. ನಾನು ಮೊದಲನೆಯವಳು.

"ಮೇಡಂ, ನೀವೇ ಬರೀಲಿಲ್ಲ ಅಂದ್ರೆ ಹೆಂಗೆ? ನಾಲ್ಕು ಒಳ್ಳೆ ಮಾತು ಹಾಕ್ಬಿಡಿ, ಸಾಕು."

ಒಳ್ಳೆಯ ಮಾತು ಇಲ್ಲವೆಂದಲ್ಲ, ಅವನ್ನೂ ಬರೆಯುತ್ತೇನೆ. ಆದರೆ ಸರ್ ಎಂದ ಕೂಡಲೇ ನನಗೆ ಮೊದಲು ನೆನಪಾಗುವುದು ಅವರ ಬಲಗೈಯ ತೋರುಬೆರಳು. ಹಾಳೆ ತಿರುವುವ ಮೊದಲು ಅದು ಬಾಯಿಗೆ ಹೋಗುತ್ತಿತ್ತು. ನಾಲಿಗೆಯ ತುದಿಗೆ ಮುಟ್ಟಿಸುವುದಲ್ಲ, ಗೆಣ್ಣಿನವರೆಗೂ ಒಳಗೆ ಹೋಗಿ, ಹೊಳೆಯುತ್ತ ಹೊರಗೆ ಬಂದು, ನಾವು ತಿಂಗಳುಗಟ್ಟಲೆ ಒದ್ದಾಡಿ ಬರೆದ ಅಧ್ಯಾಯದ ಮೂಲೆಗೆ ಅಂಟುತ್ತಿತ್ತು. ಹಾಳೆ ತಿರುಗಿದ ಮೇಲೆ ಮತ್ತೆ ಬಾಯಿಗೆ. ಅವರು ತಿದ್ದಿ ಕೊಟ್ಟ ಕಟ್ಟನ್ನು ನಾವು ಎರಡು ಬೆರಳಲ್ಲಿ ಹಿಡಿದುಕೊಂಡು ಹೊರಗೆ ಬರುತ್ತಿದ್ದೆವು. ಎಲ್ಲ ಹಾಳೆಗಳ ಕೆಳಮೂಲೆಯೂ ಒದ್ದೆಯಾಗಿ, ಒಣಗಿ, ಮುರುಟಿಕೊಂಡಿರುತ್ತಿತ್ತು.

ಅದರ ಜೊತೆಗೆ ದಿಲ್‌ಪಸಂದ್ ಬೇರೆ. ಶಿವಾಜಿನಗರದ ಹಳೆಯ ಬೇಕರಿಯೊಂದರಿಂದ ದಿನವೂ ಅವರಿಗೆ ದಿಲ್‌ಪಸಂದ್ ಬರಬೇಕು. ಕೊಬ್ಬರಿ, ಸಕ್ಕರೆ, ಕೆಂಪು ಹಸಿರು ಟೂಟಿ ಫ್ರೂಟಿ ತುಂಬಿದ ತುಂಡನ್ನು ಕಾಗದದ ಮೇಲಿಟ್ಟುಕೊಂಡು ನಮ್ಮ ಸಂಶೋಧನೆಯ ಮೇಲೆಯೇ ತಿನ್ನುತ್ತಿದ್ದರು. ಕೊಬ್ಬರಿ ಚೂರು ಕೀಬೋರ್ಡಿನ ಸಂದಿಗೆ ಬಿದ್ದರೆ ಪೆನ್ನಿನ ಮುಚ್ಚಳದಿಂದ ಎಬ್ಬಿಸಿ ಅದನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಇವತ್ತಿಗೂ ದಿಲ್‌ಪಸಂದ್ ಮುಟ್ಟುವುದಿಲ್ಲ. ಪಾಪ, ತಿಂಡಿಯದೇನೂ ತಪ್ಪಿಲ್ಲ.

ಈಗ ಒಳ್ಳೆಯ ಮಾತು. ಅವರಂತೆ ಪಾಠ ಮಾಡುವವರನ್ನು ನಾನು ಮತ್ತೆ ನೋಡಲಿಲ್ಲ. ಇಂದಿರಾನಗರದ ಅಂಚಿನಲ್ಲಿದ್ದ ನಮ್ಮ ಕಾಲೇಜಿನ ಕಿಟಕಿಯಾಚೆ ಮೆಟ್ರೋ ಓಡಾಡುವ ಸದ್ದು, ಕೆಳಗೆ ಹಾರ್ನು. ಆದರೂ ಅವರ ಕ್ಲಾಸಿನಲ್ಲಿ ಯಾರೂ ಮೊಬೈಲ್ ತೆಗೆಯುತ್ತಿರಲಿಲ್ಲ. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬಾಣಸವಾಡಿಯವರೆಗೆ ಆಟೋ ಹಿಡಿದು ಬಂದು, ಅಪ್ಪನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಯಾರನ್ನೂ ಗದರಿದವರಲ್ಲ. ಹುಡುಗರಾದರೆ "ಮಗು", ಹುಡುಗಿಯರಾದರೆ "ಅಮ್ಮ". ಎಷ್ಟು ಅಕ್ಕರೆ ಎಂದು ನಾವೆಲ್ಲ ಕರಗಿಹೋಗುತ್ತಿದ್ದೆವು. ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ನಮ್ಮ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಕೆಲವೇ ಪರಮಾಣುಗಳು ಸೇರಿ ಆದ ಲೋಹದ ಗೊಂಚಲುಗಳು ನಮ್ಮ ವಿಷಯ. ಕಣ್ಣಿಗಂತೂ ಕಾಣವು, ನಾವು ಅವನ್ನು ಕಟ್ಟುತ್ತಿದ್ದದ್ದು ಕಂಪ್ಯೂಟರಿನೊಳಗೆ. ಒಂದು ಲೋಹದ ಗೊಂಚಲಿನ ನಡುವೆ ಬೇರೆ ಲೋಹದ ಒಂದೇ ಒಂದು ಪರಮಾಣುವನ್ನು ಕೂರಿಸಿದರೆ ಇಡೀ ಗೊಂಚಲಿನ ಕಾಂತಗುಣ ಏನಾಗುತ್ತದೆ? ಕೆಲವೊಮ್ಮೆ ಸಪ್ಪೆ ಗೊಂಚಲು ಅಯಸ್ಕಾಂತವಾಗುತ್ತದೆ. ಕೆಲವೊಮ್ಮೆ ಬಂದು ಕೂತ ಪರಮಾಣುವೇ ತನ್ನ ಶಕ್ತಿ ಕಳೆದುಕೊಂಡು ಸಪ್ಪಗಾಗುತ್ತದೆ. ಯಾವುದು ಯಾವಾಗ ಎಂದು ಕಂಡುಹಿಡಿಯುವುದೇ ನಮ್ಮ ಹೊಟ್ಟೆಪಾಡು.

ಇದರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಎಲೆಕ್ಟ್ರಾನುಗಳ ಸ್ಪಿನ್, ಅಂದರೆ ತಿರುಗುವಿಕೆ, ಎಲ್ಲವೂ ಒಂದೇ ದಿಕ್ಕಿಗಿದೆ ಎಂದು ಊಹಿಸಿ ಲೆಕ್ಕ ಶುರು ಮಾಡಿದರೆ ಒಂದು ಉತ್ತರ ಬರುತ್ತದೆ, ಜೋಡಿಯಾಗಿವೆ ಎಂದು ಊಹಿಸಿದರೆ ಇನ್ನೊಂದು. ಹಲಸೂರಿನ ರಸ್ತೆಯಲ್ಲಿ ಗೋಲಿ ಉರುಳಿಸಿದರೆ ಅದು ಮೊದಲು ಸಿಕ್ಕ ಗುಂಡಿಯಲ್ಲೇ ನಿಂತುಬಿಡುತ್ತದೆ, ಅದಕ್ಕಿಂತ ಆಳದ ಗುಂಡಿ ಮುಂದೆ ಎಲ್ಲಿದೆ ಎಂದು ಗೋಲಿಗೆ ಗೊತ್ತಾಗುವುದಿಲ್ಲ. ಕಂಪ್ಯೂಟರೂ ಹಾಗೆಯೇ. ಆದ್ದರಿಂದ ಎಲ್ಲ ಊಹೆಗಳಿಂದಲೂ ಶುರು ಮಾಡಿ ನೋಡಬೇಕು. ಎಲ್ಲಕ್ಕಿಂತ ಆಳದ ಗುಂಡಿ, ಅಂದರೆ ಕಡಿಮೆ ಶಕ್ತಿಯದ್ದು, ನಿಜವಾದ ಉತ್ತರ. ಇದು ಬೇಸರದ ಕೆಲಸ. ಮಷೀನು ವಾರಗಟ್ಟಲೆ ಓಡಬೇಕು.

ಸರ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಚೆಂದದ ಉತ್ತರವೊಂದು ಪರದೆಯ ಮೇಲೆ ಬಂದರೆ ಸಾಕು, "ಸಿಕ್ತಲ್ಲಮ್ಮ, ಇನ್ನೇನು ಹುಡುಕ್ತೀಯ?" ಎಂದು ಎದ್ದುಬಿಡುತ್ತಿದ್ದರು. ಅದು ನಮ್ಮ ಲ್ಯಾಬಿನಲ್ಲಿ ದೊಡ್ಡ ತಮಾಷೆಯ ಮಾತಾಗಿತ್ತು. ಕ್ಯಾಂಟೀನಿನಲ್ಲಿ ಒಂದೇ ವಡೆ ಉಳಿದಿದ್ದರೂ "ಸಿಕ್ತಲ್ಲಮ್ಮ" ಎನ್ನುತ್ತಿದ್ದೆವು. ನಕ್ಕವರಲ್ಲಿ ನಾನೂ ಇದ್ದೆ.

ಅವರಿಗೆ ಹೆಸರು ತಂದುಕೊಟ್ಟ ಲೆಕ್ಕವನ್ನು ಅವರು ಮಾಡಿದಾಗ ನಾನು ಪಕ್ಕದ ಮೇಜಿನಲ್ಲಿದ್ದೆ. ಹನ್ನೆರಡು ತಾಮ್ರದ ಪರಮಾಣು, ನಡುವೆ ಒಂದು ಕ್ರೋಮಿಯಂ. ಒಂಟಿಯಾಗಿರುವಾಗ ಕ್ರೋಮಿಯಂ ಜೋರು ಅಯಸ್ಕಾಂತ, ಅದರ ಆರು ಎಲೆಕ್ಟ್ರಾನುಗಳು ಜೋಡಿಯಿಲ್ಲದೆ ಒಂದೇ ದಿಕ್ಕಿಗೆ ನಿಂತಿರುತ್ತವೆ. ತಾಮ್ರದ ನಡುವೆ ಕೂತರೂ ಆ ಶಕ್ತಿ ಹಾಗೇ ಉಳಿಯುತ್ತದೆಯೇ? ಅಷ್ಟು ಸಣ್ಣ ಗೊಂಚಲು ಅಷ್ಟು ಬಲವಾದ ಅಯಸ್ಕಾಂತವಾದರೆ ಜಗತ್ತೇ ತಿರುಗಿ ನೋಡುತ್ತದೆ ಎಂದು ಅವರಿಗೆ ಆಸೆ. ಸಾಮಾನ್ಯವಾಗಿ ಎಲ್ಲ ಲೆಕ್ಕವನ್ನೂ ನಮ್ಮಿಂದ ಮಾಡಿಸುವವರು ಅವತ್ತು "ಇದನ್ನ ನಾನೇ ಮಾಡ್ತೀನಿ, ಏಳಮ್ಮ" ಎಂದು ಕುರ್ಚಿ ಎಳೆದುಕೊಂಡರು. ಎಲ್ಲ ಎಲೆಕ್ಟ್ರಾನೂ ಒಂದೇ ದಿಕ್ಕಿಗೆ ಎಂಬ ಒಂದೇ ಊಹೆಯಿಂದ ಶುರು ಮಾಡಿದರು. ಬೇಕಾದ ಉತ್ತರವೇ ಬಂತು. ಬಾಯಲ್ಲಿ ದಿಲ್‌ಪಸಂದ್ ಇಟ್ಟುಕೊಂಡೇ ಕೂಗಿದರು.

"ಬೇರೆ ಸ್ಪಿನ್ನೂ ಹಾಕಿ ನೋಡೋಣ್ವಾ ಸರ್?" ಎಂದೆ.

"ಸಿಕ್ತಲ್ಲಮ್ಮ!" ಎಂದರು. ಪೇಪರ್ ಪ್ರಕಟವಾಯಿತು. ವಿದೇಶದಿಂದ ಆಹ್ವಾನ ಬಂತು, ಗೋಡೆಗೆ ಫೋಟೋ ಬಂತು.

ಗೌತಮಿ ನಮ್ಮ ಲ್ಯಾಬಿಗೆ ಸೇರಿದ್ದು ಇದೆಲ್ಲ ಮುಗಿದು ಎಷ್ಟೋ ಕಾಲದ ನಂತರ. ಈ ಮಾತನ್ನು ಓದುವವರು ಗಮನದಲ್ಲಿಡಬೇಕು. ಆ ಲೆಕ್ಕ ನಡೆದಾಗ ಅವಳಿನ್ನೂ ಡಿಗ್ರಿಯಲ್ಲಿದ್ದಳು, ನಮ್ಮ ಕಾಲೇಜಿನ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಮರ್ಫಿ ಟೌನಿನ ಹುಡುಗಿ. ಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಅಂಬೇಡ್ಕರ್ ಪಟ, ಬೀದಿಯ ತುಂಬ ತಮಿಳು, ಉರ್ದು, ಕನ್ನಡ. ಮೂರರಲ್ಲೂ ಜಗಳವಾಡಬಲ್ಲಳು. ತಪ್ಪು ಕಂಡರೆ ಬಾಯಿ ಮುಚ್ಚಿಕೊಂಡು ಕೂರುವವಳಲ್ಲ. ಸೇರಿದ ಹೊಸದರಲ್ಲೇ ತನ್ನ ಬರಹದ ಒದ್ದೆ ಮೂಲೆಗಳನ್ನು ನೋಡಿ ನನ್ನ ಮೇಜಿಗೆ ಬಂದಳು.

"ಅಕ್ಕ, ಇದೇನಿದು?"

"ಸರ್ ಅಭ್ಯಾಸ ಅದು. ಒಣಗಿಸ್ಕೋ."

"ನಮ್ಮಜ್ಜಿ ಕಂಡೋರ ಮನೇಲಿ ಎಂಜಲೆಲೆ ಎತ್ತಿದಾಳೆ. ನಾನು ಎಂಜಲು ಪೇಜು ಎತ್ತಲ್ಲ ಅಕ್ಕ."

ಮುಂದಿನ ಸಲ ಅವಳು ಒಂದೊಂದು ಹಾಳೆಯನ್ನೂ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಕೊಟ್ಟಳು. ನಮಗೆಲ್ಲ ಒಳಗೊಳಗೇ ಖುಷಿ, ಈಗೇನು ಮಾಡುತ್ತಾರೋ ನೋಡೋಣ ಎಂದು ಬಾಗಿಲ ಬಳಿ ನಿಂತೆವು. ಸರ್ ಬೆರಳು ನೆಕ್ಕಿದರು, ಪ್ಲಾಸ್ಟಿಕ್ಕನ್ನೇ ತಿರುವಿದರು. ಅದು ಜಾರಿತೆಂದು ಇನ್ನೊಮ್ಮೆ, ಇನ್ನಷ್ಟು ಒಳಗೆ ಹಾಕಿ ನೆಕ್ಕಿದರು. "ಅಚ್ಚುಕಟ್ಟಾಗಿದೆ ಅಮ್ಮ," ಎಂದು ಹೊಗಳಿದರು ಬೇರೆ. ಗೌತಮಿ ಕೆಳಗೆ ನಲ್ಲಿಯ ಹತ್ತಿರ ಕವರುಗಳನ್ನು ಸೋಪು ಹಾಕಿ ತೊಳೆಯುತ್ತ ತಮಿಳಿನಲ್ಲಿ ಏನೇನೋ ಅಂದಳು. ಅರ್ಥ ಹೇಳು ಎಂದು ನಾನು ಕೇಳಲಿಲ್ಲ.

ಸರ್ ಎಂ.ಎಸ್ಸಿ. ಮಕ್ಕಳಿಗೆ ಮಾಡುತ್ತಿದ್ದ ಒಂದು ಪಾಠ ಬಹಳ ಪ್ರಸಿದ್ಧ. ಮೊಟ್ಟೆ ಇಡುವ ಟ್ರೇಯನ್ನು ಹದಿನೆಂಟು ಗುಳಿ ಉಳಿಯುವಂತೆ ಕತ್ತರಿಸಿ ತರುತ್ತಿದ್ದರು. ಹನ್ನೆರಡು ಜನರ ಕೈಗೆ ಒಂದೊಂದು ಚಾಕ್ ಕೊಟ್ಟು ಸುತ್ತ ನಿಲ್ಲಿಸಿ, ನಡುವೆ ಒಬ್ಬನಿಗೆ ಆರು ಚಾಕ್ ಕೊಡುತ್ತಿದ್ದರು. ಸುತ್ತಲಿನವರು ಚಿನ್ನದ ಪರಮಾಣುಗಳು, ನಡುವಿನವನು ಟಂಗ್‌ಸ್ಟನ್, ಚಾಕ್‌ಗಳು ಎಲೆಕ್ಟ್ರಾನುಗಳು. "ಎಲ್ಲಾ ಹಾಕಿ ಟ್ರೇಗೆ!" ಪಕ್ಕಪಕ್ಕದ ಎರಡೆರಡು ಗುಳಿ ಒಂದು ಜೋಡಿ, ಗುಳಿಗಳೆಲ್ಲ ತುಂಬುತ್ತಿದ್ದವು. "ಒಂಟಿ ಚಾಕ್ ಉಳೀತಾ? ಇಲ್ಲ. ಎಲ್ಲಾ ಜೋಡಿ. ಹಾಗಾದ್ರೆ ಮ್ಯಾಗ್ನೆಟ್ ಎಲ್ಲಿ ಹೋಯ್ತು ಮಗು?" ಕ್ಲಾಸು ಒಟ್ಟಿಗೆ "ಸೊನ್ನೆ ಸರ್!" ಎನ್ನುತ್ತಿತ್ತು. ಹದಿನೆಂಟು ಸೇರಿದರೆ ಮನೆ ತುಂಬುತ್ತದೆ, ಕಾಂತಗುಣ ಮಾಯವಾಗುತ್ತದೆ. ಇಷ್ಟು ಸರಳವಾಗಿ ಅದನ್ನು ಹೇಳಿದವರು ಇನ್ನೊಬ್ಬರಿಲ್ಲ.

ಗೌತಮಿ ಆ ಕ್ಲಾಸಿನಲ್ಲಿ ಚಾಕ್ ಹಿಡಿದು ನಿಂತವಳೇ. ಲ್ಯಾಬಿಗೆ ಸೇರಿದ ಮೇಲೆ ಒಂದು ದಿನ ಮೂಲಧಾತುಗಳ ಪಟ್ಟಿಯ ಮುಂದೆ ನಿಂತು ನನ್ನನ್ನು ಕರೆದಳು. ಚಿನ್ನ ಇರುವ ಕಂಬಸಾಲಿನಲ್ಲೇ ಮೇಲೆ ತಾಮ್ರವಿದೆ. ಟಂಗ್‌ಸ್ಟನ್ ಇರುವ ಕಂಬಸಾಲಿನಲ್ಲೇ ಮೇಲೆ ಕ್ರೋಮಿಯಂ ಇದೆ. ಅಂದರೆ ಚಾಕಿನ ಎಣಿಕೆಯೂ ಒಂದೇ: ಹನ್ನೆರಡು ಮತ್ತು ಆರು, ಅದೇ ಹದಿನೆಂಟು.

"ಕ್ಲಾಸಲ್ಲಿ ಸೊನ್ನೆ ಅಂತಾರೆ, ಪೇಪರಲ್ಲಿ ದೊಡ್ಡ ಮ್ಯಾಗ್ನೆಟ್ ಅಂದಿದಾರೆ. ಯಾವ್ದಕ್ಕ ನಿಜ?"

ನಾವು ಊಟಕ್ಕೂ ಎದ್ದು ಹೋಗದೆ ಎಲೆಕ್ಟ್ರಾನುಗಳು ಜೋಡಿಯಾಗಿವೆ ಎಂಬ ಊಹೆಯಿಂದ ಲೆಕ್ಕ ಹಾಕಿ ಮಷೀನಿಗೆ ಕೊಟ್ಟೆವು. ನಂತರ ಬೇರೆಲ್ಲ ಊಹೆಗಳಿಂದಲೂ ಅವಳು ಒಬ್ಬಳೇ ಕೂತು ಓಡಿಸಿದಳು. ಸರ್ ಕಂಡದ್ದು ಮೊದಲ ಗುಂಡಿ. ಅದಕ್ಕಿಂತ ಎಷ್ಟೋ ಆಳದಲ್ಲಿ ಇನ್ನೊಂದಿತ್ತು, ಅಲ್ಲಿ ಕ್ರೋಮಿಯಂ ತೆಪ್ಪಗಿತ್ತು. ಕಾಂತತೆ ಸೊನ್ನೆ. ಗೌತಮಿ ಕುಣಿದಾಡಿದಳು. ಮೇಷ್ಟ್ರ ಪಾಠವೇ ಗೆದ್ದಿದೆ, ಅವರಿಗಿಂತ ಸಂತೋಷಪಡುವವರು ಯಾರು ಎಂದು ಅವಳ ಎಣಿಕೆ.

ಸರ್ ನೋಡಿದರು. ಬಹಳ ಹೊತ್ತು ನೋಡಿದರು. ಸರಿಯಾಗಿದೆ ಎಂದು ಅವರಿಗೆ ಗೊತ್ತಾದದ್ದು ನನಗೆ ಅವರ ಮುಖದಲ್ಲೇ ಕಂಡಿತು.

"ಕ್ಲಾಸ್ ಬೇರೆ, ಪೇಪರ್ ಬೇರೆ ಅಮ್ಮ," ಎಂದರು. "ಈ ಚಾಪ್ಟರ್ ತೆಗೆದುಬಿಡು. ಉಳಿದಿದ್ದು ಚೆನ್ನಾಗಿದೆ, ಸೈನ್ ಹಾಕ್ತೀನಿ."

"ತೆಗೆಯಲ್ಲ ಸರ್. ಇದೇ ಚೆನ್ನಾಗಿರೋದು."

"ನಿನ್ನಿಷ್ಟ," ಎಂದರು. ಆ ಮೃದು ದನಿಯಲ್ಲೇ.

ಅಲ್ಲಿಂದ ಮುಂದೆ ಅವರು ಅವಳನ್ನು ಒಮ್ಮೆಯೂ ಬೈಯಲಿಲ್ಲ. ಬಂದರೆ "ಕೂತ್ಕೋಮ್ಮ" ಎನ್ನುವರು, ದಿಲ್‌ಪಸಂದ್ ಮುರಿದು ಕೊಡುವರು. ಥೀಸಿಸ್‌ಗೆ ಸಹಿ ಮಾತ್ರ ಹಾಕಲಿಲ್ಲ. ವಿಭಾಗದ ಸೆಮಿನಾರಿನಲ್ಲಿ ಅವಳು ಆ ಗೊಂಚಲಿನ ಬಗ್ಗೆ ಮಾತಾಡಿದಾಗ ಎಲ್ಲರ ಮುಂದೆ "ಹೊಸಬರು ಅಂದ್ಮೇಲೆ ಹೀಗೇ, ಲೆಕ್ಕ ಎಲ್ಲೋ ಜಾರಿದೆ" ಎಂದು ನಕ್ಕರು. ಅವಳ ನೋಂದಣಿಯ ಅವಧಿ ಮುಗಿಯಿತು. ಆ ಹೊತ್ತಿಗೆ ನನ್ನದು ಬೇರೆ ಗೊಂಚಲಿನ ಕೆಲಸ ಮುಗಿದು ಪಿಎಚ್‌ಡಿ ಬಂದಿತ್ತು. ಅವಳು ಕೆ.ಆರ್. ಪುರದ ಒಂದು ಪಿಯು ಕಾಲೇಜಿಗೆ ಪಾಠ ಹೇಳಲು ಹೋದಳು.

ಇಲ್ಲಿಗೇ ಮುಗಿದಿದ್ದರೆ ಸಣ್ಣ ಮನುಷ್ಯನ ಸಣ್ಣತನ ಎಂದು ಮರೆಯಬಹುದಿತ್ತು. ಆಮೇಲೆ ಬೇರೆ ದೇಶದ ಯಾರೋ ಅದೇ ಗೊಂಚಲಿನ ಲೆಕ್ಕ ಮಾಡಿ, ಕಾಂತತೆ ಸೊನ್ನೆಯಲ್ಲವೇ ಎಂದು ಸರ್‌ಗೆ ಬರೆದು ಕೇಳಿದರು. ಸರ್ ಹಿಂದೆಮುಂದೆ ನೋಡದೆ ಆ ಪೇಪರ್ ಬಂದಿದ್ದ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿದರು. ಸೊನ್ನೆ ಎಂಬ ಉತ್ತರಕ್ಕೆ ಗೌತಮಿಯ ಲೆಕ್ಕವನ್ನೇ ತನ್ನದೆಂದು ಕೊಟ್ಟರು. ಮೊದಲಿನ ತಪ್ಪಿಗೆ ಒಂದು ಸಾಲು ಸೇರಿಸಿದರು: ಆಗ ಲೆಕ್ಕ ಮಾಡಿದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಅನನುಭವದಿಂದ ದೋಷವಾಗಿತ್ತು.

ಆ ಗೊಂಚಲಿನ ಮೇಲೆ ಕೆಲಸ ಮಾಡಿದ ವಿದ್ಯಾರ್ಥಿನಿ ನಮ್ಮ ಲ್ಯಾಬಿನಲ್ಲಿ ಒಬ್ಬಳೇ. ಸೆಮಿನಾರಿನಲ್ಲಿ ಕೂತವರಿಗೆಲ್ಲ ಅದು ಗೊತ್ತು. ಸರಿಯಾದ ಉತ್ತರ ಕಿತ್ತುಕೊಂಡು, ತಮ್ಮ ತಪ್ಪನ್ನು ಅವಳ ತಲೆಗೆ ಕಟ್ಟಿ, ಗೂಬೆ ಕೂರಿಸಿದರು. ಅದನ್ನು ಓದಿದ ದಿನ ನನಗೆ ಬಂದದ್ದು ಸಿಟ್ಟಲ್ಲ, ಹೇಸಿಗೆ. ಒದ್ದೆ ಬೆರಳು ನನ್ನ ಕುತ್ತಿಗೆಯ ಮೇಲೆ ಓಡಿದ ಹಾಗಾಯಿತು. ನಾನು ಪತ್ರಿಕೆಯವರಿಗೆ ಎಲ್ಲ ವಿವರಿಸಿ ಬರೆದೆ. ಬದಲಾವಣೆ ಲೇಖಕರಿಂದಲೇ ಬರಬೇಕು ಎಂದು ಉತ್ತರ ಬಂತು. ಲೇಖಕರು "ಇರ್ಲಿ ಬಿಡಮ್ಮ, ಯಾರ ಹೆಸರೂ ಹಾಕಿಲ್ವಲ್ಲ" ಎಂದರು.

ಈ ವರ್ಷ ಗೌತಮಿ ಮತ್ತೆ ಪಿಎಚ್‌ಡಿಗೆ ಸೇರಲು ಹೊರಟಳು. ಬೇರೆ ಕಡೆ ಒಬ್ಬ ಗೈಡ್ ಒಪ್ಪಿದ್ದರು. ಒಪ್ಪಿದವರು ಆಮೇಲೆ ಆ ತಿದ್ದುಪಡಿ ಓದಿ, "ಆ ಸ್ಟೂಡೆಂಟ್ ನೀವೇನಾ?" ಎಂದು ಕೇಳಿದರು. ಅಲ್ಲ ಎಂದಳು. ಹಾಗಾದರೆ ನಿಮ್ಮ ಹಳೆಯ ಗೈಡಿಂದ ಒಂದು ಮಾತು ಬರೆಸಿಕೊಂಡು ಬನ್ನಿ ಎಂದರಂತೆ. ಅದಕ್ಕೇ ಅವಳು ಸನ್ಮಾನಕ್ಕೆ ಬಂದದ್ದು.

"ನೀವೂ ಬನ್ನಿ ಅಕ್ಕ. ಒಂದೇ ಸಾಲು ಕೇಳ್ತೀನಿ. ಇವತ್ತು ಖುಷೀಲಿರ್ತಾರೆ, ಇಲ್ಲ ಅನ್ನಲ್ಲ."

ಹಲಸೂರಿನ ಒಂದು ಸಭಾಂಗಣ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಸರ್ ಅದ್ಭುತವಾಗಿ ಮಾತಾಡಿದರು, ಅದರಲ್ಲಿ ಸುಳ್ಳಿಲ್ಲ. ಮೊಟ್ಟೆಯ ಟ್ರೇ ಕಥೆ ಹೇಳಿದರು. "ನನ್ನ ಜೀವನದ ದೊಡ್ಡ ಖುಷಿ ಯಾವುದು ಗೊತ್ತಾ? ಅಷ್ಟು ಜೋರಿನ ಕ್ರೋಮಿಯಂ ತಾಮ್ರದ ಮಧ್ಯೆ ತೆಪ್ಪಗೆ ಕೂತಿದ್ದನ್ನ ನಾನು ಕಂಡಿದ್ದು" ಎಂದರು. "ತೆಪ್ಪಗೆ" ಎಂಬುದು ಗೌತಮಿ ಸೆಮಿನಾರಿನಲ್ಲಿ ಬಳಸಿದ ಮಾತು. ಪಕ್ಕದಲ್ಲಿ ಕೂತವಳ ಕಡೆ ತಿರುಗಿದೆ. ಅವಳು ವೇದಿಕೆಯನ್ನೇ ನೋಡುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಕಾಲಿಗೆ ಬೀಳುವವರ ಸಾಲು. ಸರ್ ಕುರ್ಚಿಯಲ್ಲಿ ಕೂತು ಸಿಹಿ ತಿನ್ನುತ್ತ ಆಶೀರ್ವಾದ ಮಾಡುತ್ತಿದ್ದರು. ಗೌತಮಿಯ ಸರದಿ ಬಂತು. ಅವಳು ಕಾಲಿಗೆ ಬೀಳಲಿಲ್ಲ, ಕೈ ಮುಗಿದಳು.

"ಸರ್, ಆ ತಿದ್ದುಪಡಿಯಲ್ಲಿ ಸ್ಟೂಡೆಂಟ್ ತಪ್ಪು ಅಂತ ಬರೆದಿದೀರಲ್ಲ. ಆ ಲೆಕ್ಕ ನಾನ್ ಮಾಡಿದ್ದಲ್ಲ. ನಾನಾಗ ಸೇರೇ ಇರ್ಲಿಲ್ಲ. ಅಷ್ಟು ಮಾತ್ರ ಒಂದು ಲೈನ್ ಬರ್ಕೊಡಿ ಸರ್. ಮತ್ತೆ ಪಿಎಚ್‌ಡಿಗೆ ಸೇರ್ತಿದೀನಿ."

ಸರ್ ಮುಖವೆತ್ತಿ ಪ್ರೀತಿಯಿಂದ ನೋಡಿದರು. "ಈಗೆಲ್ಲಿದೀಯಮ್ಮ?"

"ಕೆ.ಆರ್. ಪುರದಲ್ಲಿ, ಪಿಯು ಕಾಲೇಜಲ್ಲಿ."

"ಪರ್ಮನೆಂಟಾ?"

"ಹೂಂ ಸರ್."

"ಸಿಕ್ತಲ್ಲಮ್ಮ, ಇನ್ನೇನು ಹುಡುಕ್ತೀಯ?"

ಸುತ್ತ ನಿಂತಿದ್ದ ಹಳೆಯ ವಿದ್ಯಾರ್ಥಿಗಳೆಲ್ಲ ಹೋ ಎಂದು ನಕ್ಕರು. ಮಂಜುನಾಥ "ಸರ್ ಡೈಲಾಗ್ ಬಂತು ನೋಡಿ!" ಎಂದು ಮೊಬೈಲ್ ಎತ್ತಿ ಫೋಟೋ ತೆಗೆದ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಎಲ್ಲರಿಗೂ ಹಳೆಯ ಕಾಲ ನೆನಪಾಗಿತ್ತು ಅಷ್ಟೇ. ಸರ್ ಬೆರಳಿಗಂಟಿದ್ದ ಸಿಹಿಯನ್ನು ನೆಕ್ಕಿ, ಅದೇ ಬೆರಳಿನಿಂದ ಗೌತಮಿಯ ಕೆನ್ನೆ ತಟ್ಟಿ, ಹಿಂದೆ ನಿಂತವರನ್ನು ಕರೆದರು. ಅವಳು ದುಪಟ್ಟಾದ ತುದಿಯಿಂದ ಕೆನ್ನೆ ಒರೆಸಿಕೊಂಡು ಕೆಳಗಿಳಿದಳು. ಇಷ್ಟು ಹೇಸಿಗೆಯ ದೃಶ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೆಟ್ರೋ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ಮೆಟ್ಟಿಲ ಹತ್ತಿರ ಅವಳು ನಿಂತಳು.

"ಅಕ್ಕ, ಅವ್ರಿಗೆ ನನ್ ಹೆಸರೇ ಗೊತ್ತಿಲ್ಲ ಅನ್ಸುತ್ತೆ."

ಅಲ್ಲೇ ನಿಂತು ಮಂಜುನಾಥನಿಗೆ ಮೆಸೇಜ್ ಮಾಡಿದೆ, ಸಂಚಿಕೆಗೆ ಬರೆದುಕೊಡುತ್ತೇನೆ ಎಂದು. ಅವನು ಕೈ ಮುಗಿಯುವ ಚಿತ್ರ ಕಳಿಸಿದ.

ಹನ್ನೆರಡು ತಾಮ್ರ, ಒಂದು ಕ್ರೋಮಿಯಂ. ಆ ತಪ್ಪು ಲೆಕ್ಕ ಮಾಡಿದ್ದು ಗೌತಮಿ ಅಲ್ಲ, ಸರ್ ಅವರೇ. ನಾನು ಪಕ್ಕದ ಮೇಜಿನಲ್ಲಿದ್ದೆ, ಕಣ್ಣಾರೆ ಕಂಡಿದ್ದೇನೆ. ಸರಿಯಾದ ಲೆಕ್ಕ ಮಾಡಿದವಳು ಗೌತಮಿ. ಅದಕ್ಕೂ ನಾನೇ ಸಾಕ್ಷಿ. ಅವಳು ಕೇಳಿದ ಒಂದು ಸಾಲು ಇದು. ಅವಳ ಹೊಸ ಗೈಡಿಗೆ ಇದನ್ನು ನನ್ನ ಸಹಿಯೊಂದಿಗೆ ಮೊದಲೇ ಕಳಿಸಿದ್ದೇನೆ.

ಇಷ್ಟನ್ನು ಬರೆದು ಮಂಜುನಾಥನಿಗೂ ಕಳಿಸಿದೆ. ಸಂಜೆಯೊಳಗೆ ಫೋನ್ ಬಂತು. ದನಿ ಇಳಿದಿತ್ತು.

"ಮೇಡಂ, ಇದೇನ್ ಮೇಡಂ ಹಿಂಗ್ ಬರ್ದಿದೀರ? ಹೆಂಗ್ ಹಾಕೋದು ಇದನ್ನ?"

"ಹಾಕೋದಾದ್ರೆ ಹಾಕು. ಇಲ್ಲಾಂದ್ರೆ ಬೇರೆ ಕಡೆ ಕೊಡ್ತೀನಿ."

"ಸರ್ ನೋಡಿದ್ರೆ ಏನ್ ಅಂದ್ಕೋತಾರೆ?"

"ಯಾಕೆ ಅಂದ್ಕೋತಾರೆ? ಅವರ ಹೆಸರು ಎಲ್ಲಾದ್ರೂ ಇದ್ಯಾ ನೋಡು."

ಹಾಳೆಗಳನ್ನು ಸರಿಸುವ ಸದ್ದು ಕೇಳಿತು. ಪ್ರಿಂಟ್ ತೆಗೆದುಕೊಂಡಿದ್ದ.

"ಇಲ್ಲ ಮೇಡಂ. ಆದ್ರೂ ಯಾರು ಅಂತ ಎಲ್ಲಾರ್ಗೂ ಗೊತ್ತಾಗುತ್ತಲ್ಲ."

"ಗೊತ್ತಾಗುತ್ತೆ. 'ಒಬ್ಬ ವಿದ್ಯಾರ್ಥಿನಿ' ಅಂತ ಅವ್ರು ಬರೆದಾಗ್ಲೂ ಎಲ್ಲಾರ್ಗೂ ಗೊತ್ತಾಗಿತ್ತು."